ಒಂದೇ ಮನೆಯ ಬಡತನ ಅಕ್ಕನಿಗೊಂದು ಬಗೆ, ತಮ್ಮನಿಗೊಂದು ಬಗೆ ನೆನಪಿರುವುದೇಕೆ?

ಪ್ರಶ್ನೆ: ಪಾಲೆಮರ

ನಾನು ಹುಟ್ಟಿ ಬೆಳೆದದ್ದು ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಪ್ಪ ಬೇರೆಯವರ ಅಡಿಕೆ ತೋಟದಲ್ಲಿ ಕೂಲಿ ಮಾಡುತ್ತಿದ್ದರು, ಅಮ್ಮ ಬೀಡಿ ಕಟ್ಟುತ್ತಿದ್ದರು. ಗೇಣಿದಾರರಿಗೆ ಭೂಮಿಯ ಹಕ್ಕು ಕೊಟ್ಟ 1974ರ ಭೂಸುಧಾರಣೆಯಿಂದ ಸುತ್ತಲಿನ ಎಷ್ಟೋ ಮನೆಗಳು ಚೇತರಿಸಿಕೊಂಡವು. ಅಪ್ಪ ಗೇಣಿದಾರರಾಗಿರಲಿಲ್ಲ, ಬರಿಯ ಕೂಲಿಯವರಾಗಿದ್ದರು. ಹಾಗಾಗಿ ನಮಗಿದ್ದದ್ದು ಐದು ಸೆಂಟ್ಸ್ ಜಾಗ ಮತ್ತು ಅದರಲ್ಲೊಂದು ಮುಳಿಹುಲ್ಲಿನ ಮನೆ ಮಾತ್ರ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ನನಗೀಗ 52 ವರ್ಷ, ಬೆಂಗಳೂರಿನಲ್ಲಿ ಬ್ಯಾಂಕ್ ಉದ್ಯೋಗದಲ್ಲಿದ್ದೇನೆ. ಅಕ್ಕ ಊರಿನಲ್ಲೇ ಇದ್ದಾಳೆ. ಮೊನ್ನೆ ಮೊನ್ನೆಯವರೆಗೂ ಬೀಡಿ ಕಟ್ಟುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಇಲ್ಲಿನ ನಮ್ಮೂರವರ ಸಂಘವೊಂದು ‘ಆಟಿಡೊಂಜಿ ದಿನ’ ಏರ್ಪಡಿಸಿತ್ತು. ತುಳುನಾಡಿನ ಹೊರಗಿನವರಿಗೆ ತಿಳಿಯಲೆಂದು ಹೇಳುತ್ತೇನೆ: ಆಟಿ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳು. ಜಡಿಮಳೆ ಹಿಡಿದು ಗದ್ದೆ ತೋಟಗಳಲ್ಲಿ ಕೆಲಸ ಸಿಗುತ್ತಿರಲಿಲ್ಲ, ಮನೆಯಲ್ಲಿದ್ದ ಅಕ್ಕಿ ಮುಗಿದಿರುತ್ತಿತ್ತು, ಕೆಸುವಿನ ಎಲೆ, ತಜಂಕ್ ಸೊಪ್ಪು, ಕಣಿಲೆ (ಎಳೆ ಬಿದಿರು), ಬೇಸಗೆಯಲ್ಲಿ ಕೂಡಿಟ್ಟ ಹಲಸಿನ ಬೀಜ ಇವುಗಳಿಂದಲೇ ದಿನ ದೂಡಬೇಕಾಗಿತ್ತು. ಈಗ ಅದೇ ತಿನಿಸುಗಳನ್ನು ಸಾಲಾಗಿ ಇಟ್ಟು ಹಬ್ಬದಂತೆ ಬಡಿಸುತ್ತಾರೆ. ಅಲ್ಲಿ ಬಾಲ್ಯದ ಬಗ್ಗೆ ನಾಲ್ಕು ಮಾತನಾಡಬೇಕೆಂದು ನನ್ನನ್ನು ಕರೆದಿದ್ದರು.

ನಾನು ಕನ್ನಡದಲ್ಲಿ ಇಪ್ಪತ್ತು ನಿಮಿಷ ಮಾತನಾಡಿದೆ. ಮುಳಿಹುಲ್ಲಿನ ಮೇಲೆ ಬೀಳುವ ಮಳೆಯ ಸದ್ದು, ಅಮ್ಮನ ಮಡಿಲಿನ ತಡ್ಪೆಯಿಂದ (ಮೊರದಿಂದ) ಏಳುತ್ತಿದ್ದ ಹೊಗೆಸೊಪ್ಪಿನ ವಾಸನೆ, ಗಂಜಿಯ ಜೊತೆ ಕೆಂಡದಲ್ಲಿ ಸುಟ್ಟ ಒಣಮೀನು, ಬೀಡಿ ಎಲೆಯನ್ನು ದೋಣಿಯಂತೆ ಮಡಚಿ ಸೂರಿನ ನೀರಿನಲ್ಲಿ ತೇಲಿಬಿಡುತ್ತಿದ್ದ ಆಟ, ಎಲ್ಲವನ್ನೂ ಹೇಳಿದೆ. ‘ನಮಗೆ ಬಡತನವಿತ್ತು, ಆದರೆ ಕೊರತೆ ಇರಲಿಲ್ಲ’ ಎಂದೆ. ಸಭೆಯಲ್ಲಿದ್ದ ಕೆಲವರು ಕಣ್ಣೊರೆಸಿಕೊಂಡರು.

ವಿಡಿಯೊ ಅಕ್ಕನ ಫೋನಿಗೂ ತಲುಪಿತು. ಎರಡು ದಿನ ಬಿಟ್ಟು ಅವಳು ಕರೆ ಮಾಡಿದಳು. ಸಿಟ್ಟು ಮಾಡಲಿಲ್ಲ. ‘ಚೆನ್ನಾಗಿ ಮಾತನಾಡಿದ್ದೀ, ಆದರೆ ನೀನು ಹೇಳಿದ್ದು ಯಾರ ಮನೆ?’ ಎಂದು ಕೇಳಿದಳು. ಆಮೇಲೆ ಆ ಎಲೆಯ ದೋಣಿಯ ವಿಷಯ ಹೇಳಿದಳು. ಬೀಡಿ ಕೆಲಸ ಕೊಡುವ ಬ್ರಾಂಚಿನವರು ಎಲೆಯನ್ನು ತೂಕ ಮಾಡಿ ಕೊಡುತ್ತಿದ್ದರು, ಇಷ್ಟು ಎಲೆಗೆ ಇಷ್ಟು ಬೀಡಿ ಬರಬೇಕೆಂಬ ಲೆಕ್ಕವಿತ್ತು, ಕಡಿಮೆ ಬಿದ್ದರೆ ನಮ್ಮ ದುಡ್ಡಿನಿಂದಲೇ ಎಲೆ ತಂದು ತುಂಬಿಸಬೇಕಾಗಿತ್ತು. ನಾನು ನೀರಿಗೆ ಬಿಟ್ಟ ಎಲೆಗಳಿಗಾಗಿ ಅವಳು ಪೆಟ್ಟು ತಿಂದಿದ್ದಳಂತೆ. ಐದನೆಯ ತರಗತಿಗೇ ಶಾಲೆ ಬಿಟ್ಟು ಅಮ್ಮನ ಪಕ್ಕದಲ್ಲಿ ಕುಳಿತದ್ದೂ ಅಂಥದ್ದೇ ಒಂದು ಆಟಿಯಲ್ಲಂತೆ.

ಸಂಘದ ಸಭೆಯಲ್ಲಿ ನಾನು ಸುಳ್ಳು ಹೇಳಿಲ್ಲ. ನನಗೆ ನಿಜವಾಗಿಯೂ ಸಂತೋಷವೇ ನೆನಪಿದೆ, ಹಸಿದು ಮಲಗಿದ ಒಂದು ರಾತ್ರಿಯೂ ನೆನಪಿಗೆ ಬರುವುದಿಲ್ಲ. ಆದರೆ ಅಕ್ಕನ ಮಾತು ಕೇಳಿದ ಮೇಲೆ ನನ್ನ ಕಾಲ ಕೆಳಗಿನ ನೆಲವೇ ಸಡಿಲವಾದಂತಾಗಿದೆ. ಅನ್ನ ಚೆಲ್ಲದಿರುವುದು, ಸಾಲ ಮಾಡದಿರುವುದು, ಕೆಲಸದವರ ಮುಂದೆ ದನಿ ಎತ್ತದಿರುವುದು, ನನ್ನ ಎಲ್ಲ ನಡತೆಗೂ ‘ನಾನು ಬಡತನದಲ್ಲಿ ಬೆಳೆದವನು’ ಎಂಬ ಒಂದೇ ವಿವರಣೆಯನ್ನು ಇಷ್ಟು ವರ್ಷ ನನಗೆ ನಾನೇ ಕೊಟ್ಟುಕೊಂಡು ಬಂದಿದ್ದೇನೆ. ಆ ಬಡತನ ನನ್ನ ಅನುಭವಕ್ಕೆ ಬಂದೇ ಇರದಿದ್ದರೆ ನಾನು ಯಾರು? ಇಂಥದ್ದನ್ನು ಕಂಡವರು ಯಾರಾದರೂ ಇದ್ದರೆ, ಅದನ್ನು ಹೇಗೆ ಅರ್ಥಮಾಡಿಕೊಂಡಿರಿ ಎಂದು ದಯವಿಟ್ಟು ತಿಳಿಸಿ.

ಉತ್ತರ: ಮೊದಲ ಮಗಳು

ನಾನು ನಿಮ್ಮ ಅಕ್ಕನ ಸ್ಥಾನದಲ್ಲಿ ಇದ್ದವಳು, ಆದ್ದರಿಂದ ಬರೆಯುತ್ತಿದ್ದೇನೆ. ನಮ್ಮದು ಮೈಸೂರು, ಮನೆಯಲ್ಲಿ ಊದುಬತ್ತಿ ಹೊಸೆಯುವ ಕೆಲಸ. ಸಾವಿರ ಕಡ್ಡಿಗೆ ಇಷ್ಟು ಎಂದು ಕೂಲಿ. ಮಸಾಲೆ ಮೆತ್ತಿದ ಕರಿ ಕೈಯನ್ನು ಎಷ್ಟು ತೊಳೆದರೂ ಉಗುರಿನ ಸಂದಿ ಬಿಳಿಯಾಗುತ್ತಿರಲಿಲ್ಲ. ನನ್ನ ಬಾಲ್ಯವನ್ನು ನೆನೆಯಲು ಹೊರಟರೆ ಮೊದಲು ಬರುವುದು ಸಂಖ್ಯೆಗಳು: ಎಷ್ಟು ಕಡ್ಡಿ ಉಳಿದಿದೆ, ಎಷ್ಟು ಸಾಲವಿದೆ, ಎಷ್ಟು ಜನ ಉಣ್ಣಬೇಕು. ನನ್ನ ತಮ್ಮ ತಂಗಿಯರಿಗೆ ಬರುವುದು ನಾನು ಹೇಳುತ್ತಿದ್ದ ಕತೆಗಳು.

ಆ ಕತೆಗಳನ್ನು ನಾನು ಏಕೆ ಹೇಳುತ್ತಿದ್ದೆ ಎಂಬುದನ್ನು ಅವರಿಗೆ ಹೇಳಿದ್ದು ಅವರೆಲ್ಲರಿಗೂ ಮದುವೆಯಾದ ಮೇಲೆ. ಹಿಟ್ಟು ಕಡಿಮೆ ಇದ್ದ ದಿನ ಚಿಕ್ಕವರಿಗೆ ನಾಲ್ಕು ಗಂಟೆಯ ಹೊತ್ತಿಗೇ ಒಂದಿಷ್ಟು ಉಣಿಸಿ, ಕತೆ ಹೇಳಿ, ದೀಪ ಹಚ್ಚುವುದಕ್ಕೆ ಮುಂಚೆ ಮಲಗಿಸಿಬಿಡುತ್ತಿದ್ದೆವು. ರಾತ್ರಿಯ ಊಟ ಎಂಬುದು ಆ ದಿನಗಳಲ್ಲಿ ಇರಲೇ ಇಲ್ಲ ಎಂಬುದು ಅವರಿಗೆ ತಿಳಿಯಲಿಲ್ಲ. ಬಡ್ಡಿಯವನು ಬರುವ ಹೊತ್ತಿಗೆ ಅವರನ್ನು ಪಕ್ಕದ ಮನೆಯ ಅಂಗಳಕ್ಕೆ ಆಡಲು ಅಟ್ಟುವುದೂ ನನ್ನ ಕೆಲಸವಾಗಿತ್ತು. ಅಮ್ಮ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ನನ್ನ ಕಡೆ ಒಮ್ಮೆ ನೋಡುತ್ತಿದ್ದಳು, ಅಷ್ಟೇ.

ಹಾಗಾಗಿ ನಿಮ್ಮ ಸಂತೋಷ ಸುಳ್ಳೆಂದು ನಾನು ಒಪ್ಪುವುದಿಲ್ಲ. ಅದನ್ನು ಯಾರೋ ಕೂತು ಮಾಡಿದ್ದಾರೆ, ಬೀಡಿ ಕಟ್ಟಿದ ಹಾಗೆಯೇ. ನಿಮ್ಮ ಅಕ್ಕನಿಗೆ ನೋವಾದದ್ದು ನೀವು ಸುಖವಾಗಿದ್ದಿರಿ ಎಂಬುದರಿಂದ ಎಂದು ನನಗೆ ಅನ್ನಿಸುವುದಿಲ್ಲ. ಆ ವಿಡಿಯೊವನ್ನು ಇನ್ನೊಮ್ಮೆ ನೋಡಿ, ಇಪ್ಪತ್ತು ನಿಮಿಷಗಳಲ್ಲಿ ಅವರು ಎಷ್ಟು ಸಲ ಬರುತ್ತಾರೆಂದು ಎಣಿಸಿ.

ಹಿರಿಯ ಮಕ್ಕಳಿಗೆ ಕಷ್ಟ ಬಿಟ್ಟರೆ ಬೇರೇನೂ ಇರಲಿಲ್ಲ ಎಂದು ತಿಳಿಯುವುದೂ ತಪ್ಪು. ನನಗೆ ಹನ್ನೊಂದು ವರ್ಷವಾಗಿದ್ದಾಗ ಬೀದಿಯ ಅಂಗಡಿಯವರು ಉದ್ದರಿ ಪುಸ್ತಕದಲ್ಲಿ ಅಪ್ಪನ ಹೆಸರು ಹೊಡೆದು ನನ್ನ ಹೆಸರು ಬರೆದುಕೊಂಡರು, ಏಕೆಂದರೆ ಲೆಕ್ಕ ತಪ್ಪದೆ ತೀರಿಸುತ್ತಿದ್ದವಳು ನಾನು. ಶಾಲೆಯ ಹಾಜರಿ ಬಿಟ್ಟರೆ ನನ್ನ ಹೆಸರನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು. ಅವತ್ತು ಮನೆಗೆ ಓಡಿಬಂದದ್ದು ನನಗೆ ನೆನಪಿದೆ. ಅದು ಹೆಮ್ಮೆಯೇ. ಈಗ ಹಿಂತಿರುಗಿ ನೋಡಿದರೆ ಒಂದು ಮಗುವಿನ ಹೆಗಲ ಮೇಲೆ ಏನನ್ನು ಇಟ್ಟರೆಂದು ಗಾಬರಿಯಾಗುತ್ತದೆ, ಆದರೆ ಆ ಹುಡುಗಿಯ ಹೆಮ್ಮೆಯನ್ನು ಅವಳಿಂದ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ.

ಉತ್ತರ: ರಾತ್ರಿಶಾಲೆ

ಮುಂಬಯಿಯಿಂದ ಬರೆಯುತ್ತಿದ್ದೇನೆ, ನನಗೆ 74 ವರ್ಷ. ಉಡುಪಿ ಕಡೆಯ ಹಳ್ಳಿಯಿಂದ ಹನ್ನೆರಡನೆಯ ವಯಸ್ಸಿಗೆ ಸಂಬಂಧಿಕರೊಬ್ಬರ ಜೊತೆ ಇಲ್ಲಿಗೆ ಬಂದೆ. ಕೊಂಕಣ ರೈಲು ಓಡಲು ಆರಂಭಿಸಿದ 1998ಕ್ಕೆ 30 ವರ್ಷಗಳಿಗೂ ಹಿಂದಿನ ಮಾತು. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವುದು, ಸಂಜೆ ಫೋರ್ಟ್ ಭಾಗದ ಕನ್ನಡ ರಾತ್ರಿಶಾಲೆ, ಮಲಗುವುದು ಹೋಟೆಲಿನ ಮೇಜುಗಳ ನಡುವೆ. ನನ್ನಂತೆ ಬಂದ ಹುಡುಗರು ನೂರಾರು ಮಂದಿ ಇದ್ದರು.

ನನ್ನ ಮಕ್ಕಳಿಗೆ, ಮೊಮ್ಮಕ್ಕಳಿಗೆ ನಾನು ಹೇಳಿಕೊಂಡು ಬಂದದ್ದು ಒಬ್ಬ ಧೈರ್ಯವಂತ ಹುಡುಗನ ಕತೆ. ಊರನ್ನು ನೆನೆದು ನಾನು ಅತ್ತವನಲ್ಲ ಎಂದು ನಾನೇ ಗಟ್ಟಿಯಾಗಿ ನಂಬಿದ್ದೆ. ತಾಯಿ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ನಾನು ಬರೆದ ಕಾರ್ಡುಗಳ ಕಟ್ಟು ಸಿಕ್ಕಿತು. ಅವರಿಗೆ ಓದಲು ಬರುತ್ತಿರಲಿಲ್ಲ, ಪಕ್ಕದ ಮನೆಯವರಿಂದ ಓದಿಸಿಕೊಂಡು ಕೂಡಿಟ್ಟಿದ್ದರು. ಎಲ್ಲದರಲ್ಲೂ ‘ನಾನು ಕ್ಷೇಮ, ಇಲ್ಲಿ ಊಟ ಚೆನ್ನಾಗಿದೆ’ ಎಂಬ ಒಂದೇ ವಾಕ್ಯ. ಆದರೆ ಮೊದಲ ವರ್ಷದ ಮೂರು ಕಾರ್ಡುಗಳಲ್ಲಿ ಕೊನೆಗೊಂದು ಸಾಲು ಇದೆ: ‘ಹಟ್ಟಿಯ ಕರುವಿಗೆ ಏನು ಹೆಸರಿಟ್ಟಿರಿ, ತಿಳಿಸಿ.’ ಮೂರರಲ್ಲೂ ಅದೇ ಪ್ರಶ್ನೆ. ಉತ್ತರ ಬಂದಿರಲಿಲ್ಲವೆಂದು ಕಾಣುತ್ತದೆ.

ಆ ಕರು ನನಗೆ ಇವತ್ತಿಗೂ ನೆನಪಿಲ್ಲ, ಎಷ್ಟು ತಡಕಿದರೂ ಬರುವುದಿಲ್ಲ. ಕಾರ್ಡು ಕೈಯಲ್ಲಿಲ್ಲದೆ ಹೋಗಿದ್ದರೆ ಆ ಪ್ರಶ್ನೆ ಕೇಳಿದ ಹುಡುಗ ಇದ್ದನೆಂಬುದೇ ನನಗೆ ತಿಳಿಯುತ್ತಿರಲಿಲ್ಲ. ಧೈರ್ಯವಂತನನ್ನು ನಾನು ಆಮೇಲೆ ಕಟ್ಟಿಕೊಂಡದ್ದು, ಏಕೆಂದರೆ ಈ ಊರಿನಲ್ಲಿ ಬದುಕಲು ನನಗೆ ಅವನು ಬೇಕಾಗಿದ್ದ. ಅವನಿಂದ ಉಪಕಾರವೂ ಆಗಿದೆ, ಅವನನ್ನು ನಾನು ಹೊರಹಾಕಿಲ್ಲ. ಈಗ ಇಬ್ಬರೂ ನನ್ನ ಜೊತೆ ಇದ್ದಾರೆ.

ನಿಮ್ಮ ಮನೆಯಲ್ಲಿ ಹಳೆಯ ಕಾಗದ, ಬೀಡಿ ಬ್ರಾಂಚಿನ ಪಾಸ್ ಪುಸ್ತಕ, ರೇಷನ್ ಕಾರ್ಡು, ಏನಾದರೂ ಉಳಿದಿದ್ದರೆ ಅಕ್ಕನವರ ಜೊತೆ ಕುಳಿತು ನೋಡಿ ಎಂದು ಹೇಳಲು ಇಷ್ಟು ಬರೆದೆ.

ಉತ್ತರ: ಮನಃಶಾಸ್ತ್ರ ಬೋಧಕಿ

ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ. ನಿಮ್ಮ ಪ್ರಶ್ನೆಯ ಒಂದು ಭಾಗಕ್ಕೆ ಸಂಶೋಧನೆ ಸ್ವಲ್ಪ ಬೆಳಕು ಕೊಡುತ್ತದೆ. ‘ನಾನು ಯಾರು’ ಎಂಬುದಕ್ಕೆ ಉತ್ತರ ಕೊಡುವ ಅಧಿಕಾರ ನನಗಿಲ್ಲ.

ವಯಸ್ಸಿನ ವ್ಯತ್ಯಾಸದಿಂದ ಆರಂಭಿಸೋಣ. ಹೆಚ್ಚಿನ ಜನರಿಗೆ ಮೂರು, ಮೂರೂವರೆ ವರ್ಷಕ್ಕೆ ಮುಂಚಿನದು ಏನೂ ನೆನಪಿರುವುದಿಲ್ಲ, ಅದರ ಮುಂದಿನ ಕೆಲವು ವರ್ಷಗಳದ್ದು ಚೂರುಚೂರಾಗಿ ಉಳಿಯುತ್ತದೆ. ಆ ಚೂರುಗಳಲ್ಲಿ ಯಾವುದು ಉಳಿಯುತ್ತದೆ ಎಂಬುದು ಮನೆಯಲ್ಲಿ ಯಾವುದರ ಬಗ್ಗೆ ಮಾತು ನಡೆಯುತ್ತಿತ್ತು ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ ಎಂದು ಕ್ಯಾಥರಿನ್ ನೆಲ್ಸನ್ ಮತ್ತು ರಾಬಿನ್ ಫಿವುಶ್ ಎಂಬ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ದೊಡ್ಡವರು ಮಗುವಿನ ಜೊತೆ ‘ಅವತ್ತು ಏನಾಯಿತು ಹೇಳು, ಆಮೇಲೆ ಯಾರು ಬಂದರು’ ಎಂದು ನಡೆದುಹೋದದ್ದನ್ನು ಮಾತನಾಡಿದಾಗ ಅದಕ್ಕೊಂದು ಕತೆಯ ಆಕಾರ ಬರುತ್ತದೆ, ಆಕಾರ ಬಂದದ್ದು ಉಳಿಯುತ್ತದೆ. ನಿಮ್ಮಂಥ ಮನೆಗಳಲ್ಲಿ ಹಸಿವು ಮತ್ತು ಸಾಲವನ್ನು ಚಿಕ್ಕವರ ಮುಂದೆ ಮಾತಾಗಲು ಬಿಡುತ್ತಿರಲಿಲ್ಲ, ‘ಮೊದಲ ಮಗಳು’ ಅವರು ಅದನ್ನು ನನಗಿಂತ ಚೆನ್ನಾಗಿ ಹೇಳಿದ್ದಾರೆ. ಹೀಗಾಗಿ ಐದು ವರ್ಷದ ನಿಮ್ಮಲ್ಲಿ ಮಾತಿನ ಹಂಗಿಲ್ಲದೆ ಉಳಿಯಬಲ್ಲಂಥವು ಮಾತ್ರ ಉಳಿದವು: ಮಳೆಯ ಸದ್ದು, ಹೊಗೆಸೊಪ್ಪಿನ ವಾಸನೆ, ನೀರಿನಲ್ಲಿ ತೇಲುವ ಎಲೆ.

ನೆನಪೆಂಬುದು ಪೆಟ್ಟಿಗೆಯಲ್ಲಿಟ್ಟ ವಸ್ತುವಿನಂತೆ ಬದಲಾಗದೆ ಉಳಿಯುವುದಿಲ್ಲ, ಪ್ರತಿ ಸಲ ನೆನೆಯುವಾಗಲೂ ನಾವು ಅದನ್ನು ಇಂದಿನ ನಮ್ಮ ಅಗತ್ಯಕ್ಕೆ ಹೊಂದುವಂತೆ ಮತ್ತೆ ಕಟ್ಟುತ್ತೇವೆ. ವೇದಿಕೆಯ ಮೇಲೆ ಹೇಳಿ ಹೇಳಿ ನುಣುಪಾದ ನೆನಪು ಹಾಗೆ ಹಲವು ಸಲ ಕಟ್ಟಿದ್ದು. ಇದು ನಿಮಗೆ ಎಷ್ಟು ಅನ್ವಯಿಸುತ್ತದೆಯೋ ನಿಮ್ಮ ಅಕ್ಕನಿಗೂ ಅಷ್ಟೇ ಅನ್ವಯಿಸುತ್ತದೆ ಎಂಬುದನ್ನು ಮರೆಯಬೇಡಿ. ದಿನವೂ ನಡೆದ ಸಂಗತಿಗಳು ಒಂದರೊಳಗೊಂದು ಕರಗಿ ‘ಯಾವಾಗಲೂ ಹೀಗೇ ಆಗುತ್ತಿತ್ತು’ ಎಂದು ನೆನಪಾಗುತ್ತವೆ. ತಿಂದ ಪೆಟ್ಟು ನಿಜ. ಅದು ಯಾವ ದಿನದ್ದು, ಯಾವ ತಪ್ಪಿಗೆ ಎಂಬುದು ಬೆರೆತುಹೋಗಿರಬಹುದು. ಅವರ ಮಾತನ್ನು ಅನುಮಾನಿಸಿ ಎಂದು ಹೇಳುತ್ತಿಲ್ಲ. ನಿಮ್ಮ ನೆನಪು ಸುಳ್ಳು, ಅವರದು ದಾಖಲೆ ಎಂಬ ತೀರ್ಪಿಗೆ ಬಂದು ನಿಮ್ಮನ್ನು ನೀವು ದಂಡಿಸಿಕೊಳ್ಳಬೇಡಿ ಎಂದಷ್ಟೇ ಹೇಳುತ್ತಿದ್ದೇನೆ.

ಒಂದೇ ಸಂಕಷ್ಟ ಬೇರೆ ಬೇರೆ ವಯಸ್ಸಿನವರನ್ನು ಬೇರೆ ಬೇರೆಯಾಗಿ ರೂಪಿಸುತ್ತದೆ ಎಂಬುದರ ದೊಡ್ಡ ಅಧ್ಯಯನ ಅಮೆರಿಕದ ಗ್ಲೆನ್ ಎಲ್ಡರ್ ಅವರದು. 1929ರ ನಂತರದ ಮಹಾ ಆರ್ಥಿಕ ಕುಸಿತದಲ್ಲಿ ಬೆಳೆದ ಕ್ಯಾಲಿಫೋರ್ನಿಯಾದ ಮಕ್ಕಳ ಜೀವನವನ್ನು ದಶಕಗಳವರೆಗೆ ಸಂಗ್ರಹಿಸಿದ ಮಾಹಿತಿಯ ಮೇಲೆ ಅವರು ಪರಿಶೀಲಿಸಿದರು. ಓಕ್‌ಲೆಂಡಿನಲ್ಲಿ 1920–21ರಲ್ಲಿ ಹುಟ್ಟಿದ ಮಕ್ಕಳಲ್ಲಿ ಹುಡುಗರು ಹೊರಗಿನ ಸಣ್ಣಪುಟ್ಟ ಕೆಲಸಕ್ಕೆ ಹೋದರು, ಹುಡುಗಿಯರು ಮನೆಕೆಲಸ ಹೊತ್ತರು, ಬೇಗನೆ ದೊಡ್ಡವರಾದರು. ಅವರಲ್ಲಿ ಬಹಳಷ್ಟು ಜನ ಮುಂದೆ ಗಟ್ಟಿಯಾಗಿ ನಿಂತರು. ಬರ್ಕ್ಲಿಯಲ್ಲಿ 1928–29ರಲ್ಲಿ ಹುಟ್ಟಿ, ಎಳವೆಯಲ್ಲೇ ಆ ಹೊಡೆತಕ್ಕೆ ಸಿಕ್ಕವರಲ್ಲಿ, ಮುಖ್ಯವಾಗಿ ಹುಡುಗರು, ಹೆಚ್ಚು ಕುಗ್ಗಿದರು. ನಿಮ್ಮ ಮನೆಯಲ್ಲಿ ನಡೆದದ್ದು ಇದಕ್ಕೆ ಹೆಚ್ಚು ಕಡಿಮೆ ತಿರುವುಮುರುವು. ಕಾರಣವನ್ನು ನಾನು ಹೀಗೆ ಊಹಿಸುತ್ತೇನೆ: ಅಲ್ಲಿ ಬಡತನ ಹಠಾತ್ತಾಗಿ ಬಂದು ಕೆಲವು ವರ್ಷಗಳ ನಂತರ ಹೋಯಿತು, ಕೆಲಸ ಹೊತ್ತ ಮಕ್ಕಳು ಶಾಲೆ ಬಿಡಬೇಕಾಗಿರಲಿಲ್ಲ. ಇಲ್ಲಿ ಅದು ಹುಟ್ಟಿನಿಂದಲೇ ಇತ್ತು, ಮತ್ತು ಚಿಕ್ಕವನನ್ನು ಕಾಪಾಡಲು ಹಿರಿಯ ಮಗಳು ಶಾಲೆಯನ್ನೇ ಬಿಟ್ಟಳು. ಜವಾಬ್ದಾರಿ ಮಕ್ಕಳನ್ನು ಗಟ್ಟಿಗೊಳಿಸುತ್ತದೆ ಎಂಬ ಮಾತನ್ನು ನಮ್ಮಲ್ಲಿ ಬಹಳ ಸುಲಭವಾಗಿ ಆಡುತ್ತೇವೆ; ಆ ಜವಾಬ್ದಾರಿಗೆ ಯಾವ ಬಾಗಿಲು ಮುಚ್ಚಿತು ಎಂಬುದನ್ನು ಕೇಳದೆ ಆ ಮಾತು ಆಡಬಾರದು ಎಂಬುದು ನನ್ನ ಅಭಿಪ್ರಾಯ.

ಕೊನೆಗೆ ಒಂದು ಸಲಹೆ. ನೀವು ಕನ್ನಡದಲ್ಲಿ ಮಾತನಾಡಿದೆ ಎಂದಿರಿ, ನಿಮ್ಮ ಮನೆಮಾತು ತುಳು ಇರಬೇಕು. ಅಮೆರಿಕಕ್ಕೆ ವಲಸೆ ಹೋದ, ರಷ್ಯನ್ ಮತ್ತು ಇಂಗ್ಲಿಷ್ ಎರಡೂ ಬಲ್ಲ ವಿದ್ಯಾರ್ಥಿಗಳನ್ನು ವಿಯೊರಿಕಾ ಮರಿಯನ್ ಮತ್ತು ಉಲ್ರಿಕ್ ನೈಸರ್ 2000ದಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಎರಡೂ ಭಾಷೆಗಳಲ್ಲಿ ಮಾತನಾಡಿಸಿದ್ದರು. ರಷ್ಯನ್ ಭಾಷೆಯಲ್ಲಿ ಕೇಳಿದಾಗ ಆ ಭಾಷೆಯಲ್ಲಿ ಬದುಕಿದ ದಿನಗಳ ನೆನಪುಗಳೇ ಹೆಚ್ಚಾಗಿ ಬಂದವು. ಬಾಲ್ಯದ ಬಗ್ಗೆ ನೀವು ತುಳುವಿನಲ್ಲಿ ಎಂದಾದರೂ ಉದ್ದಕ್ಕೆ ಮಾತನಾಡಿದ್ದೀರಾ?

ಉತ್ತರ: ತುಂಗಭದ್ರೆ ದಂಡೆ

ಮೇಲಿನ ಎಲ್ಲರ ಮಾತನ್ನು ಗೌರವದಿಂದ ಓದಿದ್ದೇನೆ, ಆದರೂ ಒಂದು ಮಾತು ಸೇರಿಸಬೇಕು. ನಾನು ರಾಯಚೂರು ಜಿಲ್ಲೆಯವನು, 1992ರಲ್ಲಿ ಹುಟ್ಟಿದವನು, ಊರ ಹೊರಗಿನ ದಲಿತ ಕೇರಿಯವನು. ನನ್ನ ಹುಟ್ಟಿದ ದಿನ ಜೂನ್ 1. ನನ್ನ ತರಗತಿಯಲ್ಲಿ ಅರ್ಧದಷ್ಟು ಮಕ್ಕಳದ್ದೂ ಅದೇ ದಿನ, ಏಕೆಂದರೆ ಶಾಲೆಗೆ ಸೇರಿಸುವಾಗ ಗುರುಗಳು ಬರೆದುಕೊಂಡದ್ದು ಅದು. ಅವ್ವನಿಗೆ ನೆನಪಿರುವುದು ಜೋಳದ ರಾಶಿ ಮುಗಿದಿತ್ತು ಎಂಬುದು ಮಾತ್ರ. ನನ್ನ ಮೊದಲ ಫೋಟೊ ಎಸ್‌ಎಸ್‌ಎಲ್‌ಸಿ ಪ್ರವೇಶಪತ್ರಕ್ಕೆ ತೆಗೆಸಿದ್ದು. ಅದಕ್ಕೆ ಮುಂಚೆ ನನ್ನ ಮುಖ ಹೇಗಿತ್ತೆಂದು ನನಗೆ ತಿಳಿಯದು. ಅಪ್ಪ ಅವ್ವ ಬನ್ನಿ ಹಬ್ಬ ಮುಗಿದ ಮೇಲೆ ಗುಳೆ ಹೋದರೆ ಕಾರಹುಣ್ಣಿಮೆಯ ಹೊತ್ತಿಗೆ ಬರುತ್ತಿದ್ದರು, ನಾನು ಮತ್ತು ತಮ್ಮ ಅಜ್ಜಿಯ ಹತ್ತಿರ ಇರುತ್ತಿದ್ದೆವು.

‘ನಾನು’ ಎಂಬುದು ನನಗೆ ಮೊದಲು ತಿಳಿದದ್ದು ಒಂದು ತಟ್ಟೆಯ ಮುಂದೆ. ನಾನು ಶಾಲೆಗೆ ಸೇರಿದಾಗ 80% ಹಾಜರಿ ಇದ್ದ ಮಕ್ಕಳಿಗೆ ತಿಂಗಳಿಗೆ 3 ಕಿಲೊ ಅಕ್ಕಿ ಕೊಡುತ್ತಿದ್ದರು, 1995ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ್ದ ಯೋಜನೆ ಅದು. ಆ ಅಕ್ಕಿ ಚೀಲದಲ್ಲಿ ಮನೆಗೆ ಬರುತ್ತಿತ್ತು, ಎಲ್ಲರೂ ಉಣ್ಣುತ್ತಿದ್ದೆವು. 2002ರಲ್ಲಿ ನಮ್ಮ ಕಡೆಯ ಜಿಲ್ಲೆಗಳಲ್ಲಿ ಬಿಸಿಯೂಟ ಆರಂಭವಾದಾಗ ಅನ್ನ ಬೇಯಿಸಿ ನನ್ನ ತಟ್ಟೆಗೇ ಹಾಕಿದರು. ಅಲ್ಲಿಯವರೆಗೆ ಅನ್ನ ಮನೆಯದಾಗಿತ್ತು, ಅವತ್ತು ಮೊದಲ ಸಲ ನನ್ನದಾಯಿತು. ಹೊಟ್ಟೆ ತುಂಬಿತು, ಜೊತೆಗೇ ಶಾಲೆಗೆ ಬರುವ ವಯಸ್ಸಾಗದ ತಮ್ಮ ಮನೆಯಲ್ಲಿ ಏನು ತಿಂದಿರಬಹುದು ಎಂಬುದೂ ಬಂತು. ನನಗೆ ಹಸಿವಿಗಿಂತ ಆ ತಟ್ಟೆ ಹೆಚ್ಚು ಸ್ಪಷ್ಟವಾಗಿ ನೆನಪಿದೆ.

ಹಸಿವಿನ ಬಗ್ಗೆ ನಾನು ಯಾವ ಸಭೆಯಲ್ಲಿ ಬೇಕಾದರೂ ಮಾತನಾಡಬಲ್ಲೆ. ಊರಿನ ಹೋಟೆಲಿನ ಹೊರಗೆ ನಮಗೆಂದು ಬೇರೆಯಾಗಿ ಇಟ್ಟಿದ್ದ ಲೋಟದ ಬಗ್ಗೆ, ಅದರಲ್ಲಿ ಚಹಾ ಕುಡಿದು ತೊಳೆದಿಡುತ್ತಿದ್ದ ಅಪ್ಪನ ಬೆನ್ನಿನ ಬಗ್ಗೆ ಮಾತನಾಡಲು ಇಂದಿಗೂ ನನಗೆ ಬಾಯಿ ಬರುವುದಿಲ್ಲ. ಎಲ್ಲರ ಮನೆಯಲ್ಲೂ ಇದ್ದ ಕೊರತೆಯನ್ನು ಹತ್ತು ಜನರ ಜೊತೆ ಕುಳಿತು ನೆನೆಯಬಹುದು, ಬೇಕಿದ್ದರೆ ಹಬ್ಬವನ್ನೂ ಮಾಡಬಹುದು. ಒಬ್ಬರು ಇನ್ನೊಬ್ಬರಿಗೆ ಮಾಡಿದ ಅವಮಾನವನ್ನು ಹಾಗೆ ನೆನೆಯಲಾಗುವುದಿಲ್ಲ, ಏಕೆಂದರೆ ಮಾಡಿದವರ ಮಕ್ಕಳೂ ಅದೇ ಸಭೆಯಲ್ಲಿ ಕುಳಿತಿರುತ್ತಾರೆ. ‘ಬಡತನದಲ್ಲಿ ಬೆಳೆದವನು’ ಎಂದು ನೀವು ನಿಮ್ಮನ್ನು ಕರೆದುಕೊಳ್ಳುತ್ತೀರಿ. ನಾನು ಹಾಗೆ ಕರೆದುಕೊಂಡರೆ ಅರ್ಧ ಮಾತು ಹೇಳಿದಂತೆ, ಉಳಿದ ಅರ್ಧವನ್ನು ಕೇಳುವವರು ಸಿಕ್ಕಾಗ ಹೇಳುತ್ತೇನೆ.

ನಿಮ್ಮ ಅಕ್ಕನವರಿಗೂ ಹಸಿವಿನ ಹಿಂದೆ ಹೇಳದೆ ಉಳಿದದ್ದು ಏನಾದರೂ ಇರಬಹುದು. ಕೇಳಿ ನೋಡಿ, ಅವರು ಹೇಳದಿದ್ದರೆ ಒತ್ತಾಯ ಮಾಡಬೇಡಿ.

ಪ್ರಶ್ನೆ ಕೇಳಿದವರಿಂದ: ಪಾಲೆಮರ

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರ ಉತ್ತರಿಸದೆ ಇದ್ದುದಕ್ಕೆ ಕ್ಷಮಿಸಿ, ನಡುವೆ ಊರಿಗೆ ಹೋಗಿಬಂದೆ.

ವಿಡಿಯೊ ನೋಡಿ ಎಣಿಸಿದೆ. ಅಕ್ಕ ಒಂದೇ ಸಲ ಬರುತ್ತಾಳೆ, ತೋಡು (ಸಣ್ಣ ಹಳ್ಳ) ದಾಟಿಸಲು ನನ್ನನ್ನು ಸೊಂಟದಲ್ಲಿ ಎತ್ತಿಕೊಂಡವಳಾಗಿ.

ಎರಡು ಸಂಜೆ ಜಗಲಿಯಲ್ಲಿ ಕುಳಿತು ತುಳುವಿನಲ್ಲೇ ಮಾತನಾಡಿದೆವು. ಬೋಧಕಿಯವರ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂಬುದೇ. ಅಕ್ಕನ ಜೊತೆ ನಾನು ಯಾವಾಗಲೂ ತುಳುವಿನಲ್ಲೇ ಮಾತನಾಡುತ್ತೇನೆ, ಆದರೆ ಜಾಗದ ತೆರಿಗೆ, ಮಕ್ಕಳ ಮದುವೆ, ಅವಳ ಸಕ್ಕರೆ ಕಾಯಿಲೆ ಇವೇ ನಮ್ಮ ಮಾತು. ಬಾಲ್ಯವನ್ನು ನಾನು ಹೇಳಿದ್ದೆಲ್ಲ ಕನ್ನಡದಲ್ಲಿ, ಹೊರಗಿನವರಿಗೆ. ತುಳುವಿನಲ್ಲಿ ಹಸಿವಿಗೆ ‘ಬಡವು’ ಎನ್ನುತ್ತೇವೆ. ವೇದಿಕೆಯ ಮೇಲೆ ಹತ್ತಾರು ಸಲ ‘ಬಡತನ’ ಎಂದ ನನಗೆ ಈ ಎರಡು ಮಾತುಗಳು ಇಷ್ಟು ಹತ್ತಿರ ಇವೆ ಎಂಬುದು ಅಕ್ಕ ಆ ಪದ ಆಡುವವರೆಗೆ ಹೊಳೆದೇ ಇರಲಿಲ್ಲ. ಸಂಜೆಯ ಹೊತ್ತು ಅವಳು ನನ್ನನ್ನು ‘ಬಡವಾಪುಂಡಾ?’ ಎಂದು ಕೇಳುತ್ತಿದ್ದಳಂತೆ. ಅದನ್ನು ಕೇಳಿದ ಕೂಡಲೇ ನಾನು ತಲೆಯಲ್ಲಾಡಿಸಿ ‘ಇಜ್ಜಿ’ (ಇಲ್ಲ) ಎಂದದ್ದು, ಹಾಗೆಂದರೆ ಅವಳ ಮುಖ ಸಡಿಲವಾಗುತ್ತಿದ್ದುದು ಕಣ್ಣಿಗೆ ಕಟ್ಟಿತು. ಅದು ಆಗಿನ ನೆನಪೋ, ಅವಳ ಮಾತಿನಿಂದ ಆ ಕ್ಷಣದಲ್ಲಿ ಹುಟ್ಟಿದ್ದೋ ನನಗೆ ತಿಳಿಯದು. ಆಗಿನದೇ ಆಗಿದ್ದರೆ, ನನಗೂ ಎಲ್ಲ ಗೊತ್ತಿತ್ತು.

ದೋಣಿಯ ಎಲೆಗಾಗಿ ಪೆಟ್ಟು ತಿಂದದ್ದರ ಬಗ್ಗೆ ಅವಳೇ ಈ ಸಲ, ‘ಅದು ಎಲೆಗೋ, ಬೀಡಿಯ ಲೆಕ್ಕ ತಪ್ಪಿದ್ದಕ್ಕೋ, ಅಮ್ಮ ಎಷ್ಟೋ ಸಲ ಹೊಡೆದಿದ್ದಾರೆ’ ಎಂದಳು. ಅಮ್ಮನ ಮೇಲೆ ಅವಳಿಗೆ ಕೋಪವಿಲ್ಲ. ಇನ್ನೂ ಕೆಲವು ಸಂಗತಿಗಳನ್ನು ಹೇಳಿದಳು, ಅವು ಅವಳವು, ಇಲ್ಲಿ ಬರೆಯುವುದಿಲ್ಲ.

ಪಾಸ್ ಪುಸ್ತಕಗಳು ಮಳೆಗೆ ನೆನೆದು ಹೋಗಿವೆ. ಕಾಗದದ ಮಾತು ಬಂದಾಗ ಅಕ್ಕ, ‘ಶಾಲೆಯಲ್ಲಿ ನನ್ನ ಹೆಸರು ಇನ್ನೂ ಇದೆಯಾ, ನೋಡಿಕೊಂಡು ಬಾ’ ಎಂದಳು. ಅವಳು ಟಿಸಿ ತೆಗೆದುಕೊಂಡಿರಲೇ ಇಲ್ಲ. ಮರುದಿನ ಹೋದೆ. ಮುಖ್ಯೋಪಾಧ್ಯಾಯರು ಅರ್ಧ ಗಂಟೆ ಹುಡುಕಿ, ಹೊಲಿಗೆ ಬಿಚ್ಚಿಹೋದ ದಾಖಲಾತಿ ಪುಸ್ತಕ ತೆಗೆದುಕೊಟ್ಟರು. ಹೆಸರು ಇತ್ತು. ಶಾಲೆ ಬಿಟ್ಟಾಗಿನ ತರಗತಿ ಎಂಬಲ್ಲಿ ಅವಳು ಹೇಳಿದಂತೆ ಐದು ಎಂದಿರಲಿಲ್ಲ, ಆರು ಎಂದು ಬರೆದಿತ್ತು. ಕೊನೆಯ ಹಾಜರಿ 1978ರ ಜುಲೈ ತಿಂಗಳ ಕೊನೆಯ ವಾರದ್ದು. ಅಂದರೆ ಐದನೆಯದನ್ನು ಮುಗಿಸಿ, ಆರನೆಯದಕ್ಕೆ ಸೇರಿ, ಏಳೆಂಟು ವಾರ ಅವಳು ಹೋಗಿದ್ದಾಳೆ.

ಮನೆಗೆ ಬಂದು ಹೇಳಿದೆ. ಅಕ್ಕ ಕೈಯಲ್ಲಿದ್ದ ತಜಂಕ್ ಸೊಪ್ಪನ್ನು ಕೆಳಗಿಟ್ಟು ಬಹಳ ಹೊತ್ತು ಅಂಗಳದ ಕಡೆ ನೋಡಿದಳು. ಆಮೇಲೆ, ‘ಹೌದು, ಆರನೆಯ ಕ್ಲಾಸಿನ ಪುಸ್ತಕ ನನ್ನ ಹತ್ತಿರ ಇತ್ತು. ಹೊಸದು. ಬೈಂಡ್ ಹಾಕಿದ್ದೆ’ ಎಂದಳು.